ನೀರಿಗೆ ಮೊದಲು ಇಳಿಯುವವರು

ನಮ್ಮವ್ವ ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿ ವರ್ಷ ದಾಟಿದ್ದರೂ ಆ ಮಾತು ಊರಿಗೆ ಇನ್ನೂ ಒಗ್ಗಿರಲಿಲ್ಲ. ಅವಳಿಗಂತೂ ಇಲ್ಲವೇ ಇಲ್ಲ. ಆ ಸಲ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿತ್ತು. ಗೆದ್ದವರಲ್ಲಿ ಅದಕ್ಕೆ ಹೊಂದುವವಳು ಅವ್ವ ಒಬ್ಬಳೇ ಇದ್ದಳು, ಹೀಗಾಗಿ ಖುರ್ಚಿ ತಾನಾಗಿಯೇ ಅವಳ ಪಾಲಿಗೆ ಬಂತು. ಖುರ್ಚಿ ಬಂತು, ಅಷ್ಟೇ. ಸಭೆಯಲ್ಲಿ ಮಾತಾಡುವುದು, ಅರ್ಜಿ ಓದುವುದು, ಯಾವ ಓಣಿಗೆ ಗಟಾರ ಎಂದು ಹೇಳುವುದು ಎಲ್ಲ ಉಪಾಧ್ಯಕ್ಷರ ಕೆಲಸ. ಅವರು ಊರಿನ ದೊಡ್ಡಮನೆಯವರು. ಅವರು ಬೆರಳಿಟ್ಟು ತೋರಿಸಿದ ಕಡೆ ಅವ್ವ ಸಹಿ ಮಾಡುತ್ತಿದ್ದಳು. ಆ ಸಹಿಯನ್ನು ಕಲಿಸಿಕೊಟ್ಟವಳು ನಾನೇ, ಅಡುಗೆಮನೆಯಲ್ಲಿ ಸ್ಲೇಟಿನ ಮೇಲೆ.

ನಾನು ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸ್ಥಳೀಯ ಸ್ವರಾಜ್ಯದ ಪಾಠ ಬಂದರೆ ಮೇಜು ಗುದ್ದಿ ಗುದ್ದಿ ಹೇಳುತ್ತೇನೆ. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅವ್ವ ಉಪಾಧ್ಯಕ್ಷರು ಕಳಿಸಿದ ಕಾಗದಗಳಿಗೆ ಓದದೆ ಸಹಿ ಹಾಕುತ್ತ ಕೂತಿರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಇರುವಂಥದ್ದು. ಅವ್ವನಿಗೆ ಅದು ರೂಢಿಯಾಗಿತ್ತು, ತಲೆ ಎತ್ತುತ್ತಲೂ ಇರಲಿಲ್ಲ.

ನಮ್ಮದು ನವಲಗುಂದ ತಾಲೂಕಿನ ಎರೆ ನೆಲ. ಎಲ್ಲಿ ತೋಡಿದರೂ ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾಕ್ಕೆ ಹಾಕಿದರೆ ಹಾಲು ಒಡೆಯುತ್ತದೆ. ಹೀಗಾಗಿ ಕುಡಿಯುವುದಕ್ಕೆ ಕೆರೆ. ವರ್ಷಕ್ಕೆ ಒಂದೆರಡು ಸಲ ಕಾಲುವೆಯಿಂದ ಹೊಳೆಯ ನೀರು ಬಿಟ್ಟು ತುಂಬಿಸುತ್ತಾರೆ. ಅದರ ದಂಡೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ, ದನ ಬಿಡುವಂತಿಲ್ಲ. ಈಗ ನಾಣ್ಯ ಹಾಕಿದರೆ ನೀರು ಕೊಡುವ ಘಟಕ ಬಂದಿದೆ, ನಳ ಬಂದಿದೆ. ಆದರೂ ಬೇಳೆಗೆ ಕೆರೆ ನೀರೇ ಆಗಬೇಕು ಅನ್ನುವವರು ಪ್ರತಿ ಮನೆಯಲ್ಲೂ ಇದ್ದಾರೆ.

ಹಿಂದೆ ನಮ್ಮ ಓಣಿಯ ಹೆಂಗಸರು ಆ ಕೆರೆಯ ಮೆಟ್ಟಿಲು ಇಳಿಯುವಂತಿರಲಿಲ್ಲ. ದಂಡೆಯ ಮೇಲೆ ಕೊಡ ಇಟ್ಟುಕೊಂಡು ನಿಲ್ಲಬೇಕು. ಮೇಲಿನ ಓಣಿಯವರು ತಮ್ಮ ಕೊಡ ಒಯ್ದಿಟ್ಟು, ಮತ್ತೊಂದು ಸಲ ಬಂದಾಗ, ಮನಸ್ಸಾದರೆ ಎತ್ತರದಿಂದ ನಮ್ಮವರ ಕೊಡಕ್ಕೆ ಸುರಿಯುವರು. ಅವ್ವ ಲಗ್ನವಾಗಿ ಬಂದ ಹೊಸದರಲ್ಲಿ ಹಾಗೆ ನಿಂತವಳು. ಆಮೇಲೆ ಓಣಿಗೆ ನಳ ಬಂತು, ನಾವು ಬೌದ್ಧರಾದೆವು, ನಾನು ಓದಿ ನೌಕರಿ ಹಿಡಿದೆ. ಈಗ ನಮ್ಮ ಓಣಿಯ ಸೊಸೆಯಂದಿರು ಮೆಟ್ಟಿಲಿಳಿದು ನೀರು ತರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಅವ್ವ ಮಾತ್ರ ಒಂದು ದಿನವೂ ಇಳಿದವಳಲ್ಲ. ಅಧ್ಯಕ್ಷೆಯಾದ ಮೇಲಾದರೂ ಇಳಿಯಬಾರದೇ ಎಂದು ನಾನು ಎಷ್ಟು ಸಲ ಜಗಳ ತೆಗೆದಿದ್ದೇನೋ. ಅವಳ ಉತ್ತರ ಒಂದೇ. ನಮಗೆ ನಳ ಇದೆಯಲ್ಲ.

ಇಂಥ ಹೊತ್ತಿನಲ್ಲಿ ಅವನು ಬಂದ. ಪಶ್ಚಿಮ ಆಫ್ರಿಕಾದ ಮಾಲಿ ದೇಶದವನು. ಧಾರವಾಡದಲ್ಲಿ ಕೃಷಿ ಸಂಶೋಧನೆಗೆಂದು ಬಂದು ಮೂರು ವರ್ಷವಾಗಿತ್ತು. ಎರೆ ನೆಲದ ಕೆರೆಗಳ ನೀರು ಮತ್ತು ಹೂಳು ಅವನ ವಿಷಯ. ಪಂಚಾಯಿತಿ ಕಾರ್ಯದರ್ಶಿ ಅವನಿಗೆ ಇಳಿದುಕೊಳ್ಳಲು ಜಾಗ ಹುಡುಕಿ ಹುಡುಕಿ ಸಾಕಾಗಿ, ಕಡೆಗೆ ಅಧ್ಯಕ್ಷರ ಮನೆಯೇ ಸೈ ಎಂದು ನಮ್ಮ ಮುಂದಿನ ಖೋಲಿಗೆ ತಂದು ಬಿಟ್ಟ. ಊರಿನವರು ಮೊದಲ ವಾರ ಅವನನ್ನು ವೆಸ್ಟ್ ಇಂಡೀಸಿನವನು ಅಂದುಕೊಂಡು ಕ್ರಿಕೆಟ್ ಆಡಲು ಕರೆದರು. ಒಂದೇ ಓವರಿನಲ್ಲಿ ಗುಟ್ಟು ರಟ್ಟಾಯಿತು, ಆಮೇಲೆ ಯಾರೂ ಕರೆಯಲಿಲ್ಲ. ನನ್ನ ಜೊತೆ ಇಂಗ್ಲಿಷು, ಅಂಗಡಿಯಲ್ಲಿ ಹಿಂದಿ, ಅವ್ವನ ಜೊತೆ ಧಾರವಾಡದ ಹಾಸ್ಟೆಲಿನಲ್ಲಿ ಕಲಿತ ಹರುಕು ಮುರುಕು ಕನ್ನಡ. ಅವ್ವ ಅವನನ್ನು ತಮ್ಮಾ ಎಂದು ಕರೆದಳು, ರೊಟ್ಟಿ ಬಡಿದು ಹಾಕಿದಳು.

ಒಂದು ಸಂಜೆ ಅವನು ಫೋನಿನಲ್ಲಿ ಯಾರಿಗೋ ಗಂಟಲು ಹರಿಯುವ ಹಾಗೆ ಬೈಯುತ್ತಿದ್ದ. ಅವ್ವ ಗಾಬರಿಯಾಗಿ ಒಲೆ ಬಿಟ್ಟು ಹೊರಗೆ ಬಂದಳು. ಫೋನಿಟ್ಟು ಅವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಆ ಕಡೆಯವನು ಅವರ ದೇಶದ ಗುಡ್ಡದ ಸೀಮೆಯ ದೊಗೊನ್ ಜನದ ಗೆಳೆಯನಂತೆ. ತಾನು ಬೊಜೊ, ನೈಜರ್ ನದಿಯ ಮೇಲೆಯೇ ಬದುಕುವ ಮೀನುಗಾರರ ಕುಲ. ಆ ಎರಡು ಜನ ಎಲ್ಲಿ ಎದುರಾದರೂ ಒಬ್ಬರನ್ನೊಬ್ಬರು ಬೈಯಲೇಬೇಕು, ಮತ್ತು ಯಾರೂ ಸಿಟ್ಟಾಗುವಂತಿಲ್ಲ. ದೊಗೊನರು ಉಳ್ಳಾಗಡ್ಡಿ ಬೆಳೆಯುವವರು, ಹೀಗಾಗಿ ಅವನಿಗೆ ಇವನು ಕೊಟ್ಟ ಬೈಗುಳವೆಲ್ಲ ಉಳ್ಳಾಗಡ್ಡಿಯದೇ.

ಯಾಕೆ ಹಾಗೆ ಎಂದು ಕೇಳಿದೆ. ಹಿಂದೆ ಯಾವುದೋ ಬರದಲ್ಲಿ ದೊಗೊನರ ಒಂದು ಕೂಸು ಹಸಿವಿನಿಂದ ಸಾಯುತ್ತಿತ್ತಂತೆ. ಬೊಜೊ ಒಬ್ಬ ಬುಟ್ಟಿಯಲ್ಲಿ ಮೀನಿಲ್ಲದ್ದನ್ನು ನೋಡಿ, ಮರೆಗೆ ಹೋಗಿ ತನ್ನ ತೊಡೆಯ ಮಾಂಸ ಕೊಯ್ದು ಸುಟ್ಟು ಅದಕ್ಕೆ ತಿನ್ನಿಸಿದನಂತೆ. ಅಂದಿನಿಂದ ಆ ಎರಡು ಜನ ಒಬ್ಬರ ರಕ್ತ ಒಬ್ಬರು ಕೆಡವುವಂತಿಲ್ಲ. ಲಗ್ನದ ಸಂಬಂಧವನ್ನೂ ಬೆಳೆಸುವಂತಿಲ್ಲ, ಒಂದೇ ಮೈಯಾದರಲ್ಲ. ಜಗಳ ಬಂದರೆ ಒಬ್ಬರಿಗೆ ಇನ್ನೊಬ್ಬರು ಪಂಚರು. ಬೈದು ಬೈದು ನಗಿಸಿಯೇ ರಾಜಿ ಮಾಡಿಸುತ್ತಾರೆ. ಅವ್ವ ಇದನ್ನು ಕೇಳಿ ಒಳಗೆ ಹೋಗಿ ಒಲೆಯ ಉರಿ ತಗ್ಗಿಸಿ ಬಂದಳು. ಆಮೇಲೆ, ನಮ್ಮ ಸೀಮೆಯೂ ಉಳ್ಳಾಗಡ್ಡಿಯದೇ, ನಮ್ಮನ್ನೂ ಬೈ ಅಂದಳು. ಮರುದಿನದಿಂದ ಅವನು ಅವಳನ್ನು ಉಳ್ಳಾಗಡ್ಡಿ ಅವ್ವ ಎಂದೇ ಕರೆದ.

ಆ ಮೇಲಿನ ಸಂಜೆಗಳಲ್ಲಿ ನಾನು ಅವನನ್ನು ಬಿಡಲಿಲ್ಲ. ಅವನು ಅಂಗಳದಲ್ಲಿ ಇದ್ದಿಲಿನಿಂದ ಗೆರೆ ಎಳೆದು ತೋರಿಸುತ್ತಿದ್ದ. ನದಿ ಉಕ್ಕಿದಾಗ ನಾಡೆಲ್ಲ ನೀರು, ಇಳಿದಾಗ ಅಲ್ಲಲ್ಲಿ ಮಡು. ನೀರಿನ ಹಿಂದೆ ಜನ ಮೀನು ಹುಡುಕುತ್ತ ಹೋಗುತ್ತಾರೆ, ದಂಡೆಯ ಮೇಲೆ ಹುಲ್ಲಿನ ಗುಡಿಸಲು ಹಾಕುತ್ತಾರೆ, ನೀರು ಸರಿದರೆ ಕಿತ್ತುಕೊಂಡು ಮುಂದೆ ಹೋಗುತ್ತಾರೆ. ಅಲ್ಲಿ ನೆಲಕ್ಕೆ ಒಬ್ಬ ಹಿರಿಯ, ಹುಲ್ಲುಗಾವಲಿಗೆ ಒಬ್ಬ ಹಿರಿಯ, ನೀರಿಗೆ ಒಬ್ಬ ಹಿರಿಯ. ಒಂದೇ ಜಾಗ ಬೇಸಿಗೆಯಲ್ಲಿ ದನದವರದ್ದು, ಮಳೆಗಾಲದಲ್ಲಿ ಒಕ್ಕಲಿನವರದ್ದು, ನೆರೆ ಬಂದಾಗ ಮೀನಿನವರದ್ದು. ನೀರಿನ ಹಿರಿಯನನ್ನು ಆರಿಸುವುದಿಲ್ಲ. ಆ ನೀರಿಗೆ ಮೊದಲು ಬಂದು ಅದರೊಡನೆ ಒಪ್ಪಂದ ಮಾಡಿಕೊಂಡ ಮನೆತನದಲ್ಲಿ ಯಾರು ವಯಸ್ಸಿಗೆ ದೊಡ್ಡವರೋ ಅವರು. ಅವನು ಹರಿದ ಅಂಗಿಯವನಿರಬಹುದು, ಕಿವಿ ಕೇಳದವನಿರಬಹುದು. ಆದರೆ ಮಡುವಿಗೆ ಬಲೆ ಬೀಸುವ ದಿನ ಅವನು ಹೇಳಿದ್ದೇ. ದೂರದೂರದ ಊರುಗಳಿಂದ ಬಂದ ಜನ ಬಲೆ ಹಿಡಿದು ದಂಡೆಗುಂಟ ಕಾಯುತ್ತಾರೆ. ಅವನು ಮೊದಲು ಒಬ್ಬನೇ ಇಳಿದು ನೀರಿಗೆ ಮಾತು ಹೇಳಿ ಬರುತ್ತಾನೆ. ಆಮೇಲೆ ಉಳಿದವರು.

ಪೊಲೀಸರಿಲ್ಲ, ದಫ್ತರವಿಲ್ಲ, ಮತ್ತೆ ಜನ ಅವನ ಮಾತು ಯಾಕೆ ಕೇಳಬೇಕು ಎಂದು ನಾನು ಟೀಚರ್ ದನಿಯಲ್ಲೇ ಕೇಳಿದೆ. ಅವನು ನಕ್ಕ. ದೊಡ್ಡ ಬಲೆ ಒಬ್ಬನಿಂದ ಎಳೆಯಲಾಗುವುದಿಲ್ಲ ಅಂದ. ಹೇಳದೆ ಇಳಿದವನ ಬಲೆಯ ಇನ್ನೊಂದು ತುದಿಯನ್ನು ಮುಂದೆ ಯಾರೂ ಹಿಡಿಯುವುದಿಲ್ಲವಂತೆ. ನಾನು ಬೆರಗಾದೆ. ಹದಿನೈದು ವರ್ಷದಿಂದ ರಾಜ್ಯ, ಅಧಿಕಾರ, ಕಾನೂನು ಎಂದು ಕಲಿಸುತ್ತಿರುವವಳು ನಾನು, ನಮ್ಮ ಪುಸ್ತಕದಲ್ಲಿ ಇಂಥದ್ದಕ್ಕೆ ಒಂದು ಸಾಲೂ ಇರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗಲೂ ನನ್ನ ತಲೆಯಲ್ಲಿ ಬಲೆ ಹಿಡಿದು ಸುಮ್ಮನೆ ಕಾಯುವ ಆ ಸಾವಿರ ಜನರೇ ಇದ್ದರು.

ಹಾಗೆಂದು ಅವನು ಬಣ್ಣ ಬಳಿಯಲಿಲ್ಲ. ಈಗ ಕೆಲವು ಹಿರಿಯರು ಅನುಮತಿಯನ್ನು ಮಾರಿಕೊಳ್ಳುತ್ತಾರೆ, ಸರಕಾರದ ಪರವಾನಗಿ ತೋರಿಸಿ ಅವರ ಮಾತನ್ನು ದಾಟುವವರೂ ಇದ್ದಾರೆ ಅಂದ. ನಿಮ್ಮಲ್ಲಿ ನೀರು ಮುಟ್ಟಬಾರದು ಅನ್ನಿಸಿಕೊಂಡವರು ಯಾರೂ ಇಲ್ಲವೇ ಎಂದು ಕೇಳಿಯೇಬಿಟ್ಟೆ. ಕುಡಿಯುವುದಕ್ಕೆ ಯಾರನ್ನೂ ತಡೆಯುವುದಿಲ್ಲ ಅಂದ. ಆಮೇಲೆ ನೆಲ ನೋಡುತ್ತ, ಹಿಂದೆ ಸೆರೆಯಾಳುಗಳಾಗಿದ್ದವರ ಮನೆತನಗಳಿವೆ, ಅವರಲ್ಲಿ ಯಾರೂ ಎಂದೂ ನೀರಿನ ಹಿರಿಯರಾಗುವುದಿಲ್ಲ ಎಂದೂ ಹೇಳಿದ. ಅವನು ಅದನ್ನು ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ ಎಂದು ನನಗೆ ಅವನ ಮೇಲೆ ಗೌರವ ಹೆಚ್ಚಾಯಿತು.

ಇಷ್ಟೆಲ್ಲ ಆದರೂ ಅವನು ನಮ್ಮ ಕೆರೆಯಿಂದ ಒಂದು ಶೀಶೆ ನೀರನ್ನೂ ತೆಗೆದಿರಲಿಲ್ಲ. ಮೂರು ವಾರ ಕಳೆದಿತ್ತು. ದಿನಾ ಮುಂಜಾನೆ ದಂಡೆಗೆ ಹೋಗಿ ನಿಂತು ಬರುತ್ತಿದ್ದ. ಪಂಚಾಯಿತಿಯಿಂದ ಪರವಾನಗಿ ಪತ್ರ ಸಿಕ್ಕಿತ್ತು, ಅವ್ವನ ಸಹಿಯೂ ಬಿದ್ದಿತ್ತು. ಇನ್ನೊಂದು ವಾರಕ್ಕೆ ಕಾಲುವೆ ನೀರು ಬರುವುದಿತ್ತು. ಹೊಸ ನೀರು ಕೂಡಿಕೊಂಡರೆ ಅವನ ಒಂದು ವರ್ಷದ ಕೆಲಸ ಹಾಳು. ನಿನಗೇನು ದಾಡಿ ಎಂದು ನಾನೇ ಕೇಳಿದೆ.

ಆಗ ಅವನು ಬಂದು ಅವ್ವನ ಮುಂದೆ ಕುಕ್ಕರಗಾಲಲ್ಲಿ ಕೂತ. ತಮ್ಮ ಕಡೆ ಪರಊರಿನವನು ಹೊಸ ನೀರಿಗೆ ಕಾಲಿಡುವ ಮೊದಲು ಅಲ್ಲಿನ ನೀರಿನ ಹಿರಿಯರು ತಾವು ಇಳಿದು, ಇಂಥವನು ಬಂದಿದ್ದಾನೆ ಎಂದು ನೀರಿಗೆ ಗುರುತು ಹೇಳಬೇಕು. ತನ್ನ ತಂದೆಯೇ ಈಗ ಅವರ ಊರಿನ ನೀರಿನ ಹಿರಿಯ. ಇಲ್ಲಿ ಯಾರು ಎಂದು ಅವನು ಬಂದ ದಿನವೇ ವಿಚಾರಿಸಿದ್ದ. ಕೆರೆ ಪಂಚಾಯಿತಿಯದ್ದು, ಪಂಚಾಯಿತಿಗೆ ಅಧ್ಯಕ್ಷರು ಎಂದು ಕಾರ್ಯದರ್ಶಿ ಆಕಳಿಸುತ್ತ ಹೇಳಿದ್ದ. ಹಾಗಾಗಿ ಮೂರು ವಾರದಿಂದ ಅವನು ಕಾಯುತ್ತಿದ್ದದ್ದು ನಮ್ಮವ್ವನನ್ನು. ಇವತ್ತು ಕರೆದಾಳು, ನಾಳೆ ಕರೆದಾಳು ಎಂದು ಅವಳದೇ ಕೈಯ ರೊಟ್ಟಿ ತಿನ್ನುತ್ತ ಕಾಯುತ್ತಿದ್ದ.

ನಾನು ಮೊದಲು ನಕ್ಕೆ. ಅವ್ವ ನಗಲಿಲ್ಲ. ಸಹಿ ಮಾಡಿ ಕೊಟ್ಟಿದ್ದೇನಲ್ಲ, ಹೋಗು ಅಂದಳು.

“ಹಂಗ ಹೋದ್ರ ನಾ ಕಳ್ಳ ಆಗತೇನ್ರಿ ಅವ್ವಾ,” ಅಂದ ಅವನು.

ಈ ಮಾತು ಹೇಗೋ ಉಪಾಧ್ಯಕ್ಷರ ಕಿವಿಗೆ ಬಿತ್ತು. ಮರುದಿನ ಸಂಜೆ ಅವರೇ ಮನೆಯ ಬಾಗಿಲಿಗೆ ಬಂದರು. ಒಂದು ಕಾಲಕ್ಕೆ ಅವ್ವನನ್ನು ಏಕವಚನದಲ್ಲಿ ಕರೆಯುತ್ತಿದ್ದವರು ಈಗ ಅಧ್ಯಕ್ಷರೇ ಎನ್ನುತ್ತಾರೆ, ಅದರಲ್ಲೊಂದು ಸಣ್ಣ ನಗೆ ಸೇರಿಸಿ. ವಯಸ್ಸಾದವರು ನೀವ್ಯಾಕೆ ತ್ರಾಸ ತೆಗೆದುಕೊಳ್ಳುತ್ತೀರಿ, ಮೆಟ್ಟಿಲು ಪಾಚಿಗಟ್ಟಿವೆ, ಅವನನ್ನು ನಾನು ಕರೆದುಕೊಂಡು ಹೋಗುತ್ತೇನೆ ಅಂದರು. ಮಾತು ಸಕ್ಕರೆಯಂತೆಯೇ ಇತ್ತು. ಮಾಲಿಯ ಹುಡುಗ ಎದ್ದು ನಿಂತು, ನೀವು ಅಧ್ಯಕ್ಷರೇ ಎಂದು ಬಹಳ ವಿನಯದಿಂದ ಕೇಳಿದ. ಅಲ್ಲ, ಆದರೆ ಎಲ್ಲ ನಾನೇ ನೋಡಿಕೊಳ್ಳುವುದು, ಊರಿಗೇ ಗೊತ್ತು ಅಂದರು ಅವರು. ಅವನು ತಲೆ ಅಲ್ಲಾಡಿಸಿ ಮತ್ತೆ ಕೂತುಬಿಟ್ಟ. ಉಪಾಧ್ಯಕ್ಷರ ಮುಖ ನೋಡಿ ನನಗೆ ಆದ ಸಂತೋಷವನ್ನು ಬರೆಯಬಾರದು, ಆದರೂ ಬರೆಯುತ್ತೇನೆ.

ಅವರು ಹೋದ ಮೇಲೆ ಅವನು ತಂದೆಗೆ ಫೋನು ಮಾಡಿದ. ಬಹಳ ಹೊತ್ತು ಮಾತಾಡಿ ನಮ್ಮ ಕಡೆ ತಿರುಗಿದ. ನಮ್ಮಲ್ಲಿ ಹೆಣ್ಣುಮಗಳು ನೀರಿನ ಹಿರಿಯಳಾದದ್ದಿಲ್ಲ, ಆದರೆ ಆ ನೀರು ಕುಡಿಯುವವರು ಆಕೆಯನ್ನು ಕೂರಿಸಿದ್ದರೆ ಆಕೆಯನ್ನೇ ಕೇಳು ಎಂದರಂತೆ ತಂದೆ. ಜೊತೆಗೆ ಒಂದು ಪ್ರಶ್ನೆಯನ್ನೂ ಹೇಳಿಕೊಟ್ಟಿದ್ದರು. ಅದನ್ನು ಅವನು ನನಗೆ ಇಂಗ್ಲಿಷಿನಲ್ಲಿ ಹೇಳದೆ, ತಾನೇ ಶಬ್ದ ಹುಡುಕಿ ಹುಡುಕಿ ಅವ್ವನಿಗೆ ಕೇಳಿದ.

“ಅವ್ವಾ, ಆ ನೀರಿಗೆ ನಿಮ್ಮ ಗುರ್ತು ಐತೇನ್ರಿ?”

ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

“ಇಲ್ಲಪ್ಪಾ,” ಅಂದಳು. “ನಾ ಒಂದಿನಾನೂ ಇಳದಿಲ್ಲ. ಅಂಜಿಕಿ ಬರತದ.”

ನಳ ಇದೆಯಲ್ಲ ಎಂಬ ಮಾತಿನ ಹಿಂದೆ ಇದ್ದದ್ದು ಇದು. ಇಷ್ಟು ವರ್ಷ ನಾನು ಅವಳೊಡನೆ ಜಗಳಾಡಿದ್ದೆ, ಭಾಷಣ ಮಾಡಿದ್ದೆ. ಹೀಗೆ ಒಂದು ಸಲವೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಅವನಿಗೆ ಅದರಲ್ಲಿ ಅವಮಾನದ ಸಂಗತಿಯೇನೂ ಕಾಣಲಿಲ್ಲ. ತನ್ನ ದೊಡ್ಡಪ್ಪ ಹರೆಯದಿಂದಲೂ ದೂರದ ಪಟ್ಟಣದಲ್ಲಿ ಬಟ್ಟೆ ಹೊಲಿಯುತ್ತಿದ್ದವನು, ಸರದಿ ಬಂದು ನೀರಿನ ಹಿರಿಯನಾಗಲು ಮರಳಿದಾಗ ಮುದುಕನಾಗಿದ್ದ, ನೀರಿಗೂ ಅವನಿಗೂ ಗುರುತೇ ಇರಲಿಲ್ಲ ಎಂದು ಹೇಳಿದ. ಅಂಥವರು ಇಳಿದು, ತಮ್ಮ ಮನೆಯಲ್ಲಿ ಯಾರು ಯಾರು ಆ ನೀರು ಕುಡಿದಿದ್ದಾರೋ ಅವರನ್ನೆಲ್ಲ ಹೇಳಬೇಕಂತೆ. ಅಷ್ಟಾದರೆ ಗುರುತು ಆದಂತೆ. ನಾನು ಪ್ರತಿ ಮಾತನ್ನೂ ಕನ್ನಡಕ್ಕೆ ತಂದು ಅವ್ವನಿಗೆ ಹೇಳಿದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ರವಿವಾರ. ನಾನು ಎದ್ದಾಗ ಅವ್ವ ಮಿಂದು, ಧ್ವಜ ಹಾರಿಸುವ ದಿನ ಉಟ್ಟಿದ್ದ ಇಳಕಲ್ ಸೀರೆಯಲ್ಲಿ ಕಟ್ಟೆಯ ಮೇಲೆ ಕೂತಿದ್ದಳು. ಹುಡುಗನೂ ಎದ್ದು ಶೀಶೆಗಳ ಪೆಟ್ಟಿಗೆ ಹಿಡಿದು ನಿಂತಿದ್ದ. ನನ್ನ ಮುಖ ನೋಡಿ, “ಹೋಗೂಣು ನಡಿ,” ಅಂದಳು.

ನೀರಿನ ಹೊತ್ತು ಅದು. ಹೆಂಗಸರು ಏಳೆಂಟು ಮಂದಿ ಕೊಡ ಹಿಡಿದು ಬಂದಿದ್ದರು. ಉಪಾಧ್ಯಕ್ಷರ ತಾಯಿಯೂ ಇದ್ದರು. ಮನೆಯಲ್ಲಿ ಎರಡು ನಳ ಇದ್ದರೂ ದೇವರ ನೀರಿಗೆ ತಾವೇ ಬರುವ ಅಜ್ಜಿ ಅವರು. ಆ ಕಾಲದಲ್ಲಿ ದಂಡೆಯ ಮೇಲಿಂದ ನಮ್ಮವ್ವನ ಕೊಡಕ್ಕೆ ಸುರಿದ ಕೈಗಳಲ್ಲಿ ಅವರದೂ ಒಂದು. ಎಲ್ಲರೂ ಅವ್ವನ ಸೀರೆ ನೋಡಿದರು, ಪೆಟ್ಟಿಗೆ ನೋಡಿದರು. ಹುಡುಗ ಚಪ್ಪಲಿ ದೂರ ಬಿಟ್ಟು ಬಂದು, ಪೆಟ್ಟಿಗೆ ಕೆಳಗಿಟ್ಟು, ಮೆಟ್ಟಿಲಿನ ತುದಿಯಲ್ಲಿ ಎರಡೂ ಕೈ ಚಾಚಿ ನಿಂತ. “ಸ್ವಲ್ಪ ನಿಲ್ರಿ, ಮೊದಲ ಅವ್ವಾರು,” ಅಂದ. ಅವನ ಕನ್ನಡಕ್ಕೆ ಒಬ್ಬಿಬ್ಬರು ಕಿಸಕ್ಕೆಂದರು, ಆದರೆ ನಿಂತರು.

ಅವ್ವ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟು ಹಾಗೇ ಉಳಿದಳು. ನಾನು ಕೈ ಹಿಡಿಯಹೋದೆ, ಕೊಸರಿಕೊಂಡಳು. ಆಮೇಲೆ ಇಳಿದಳು. ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ, ಕಲ್ಲನ್ನು ನೋಡಿ ನೋಡಿ ಇಳಿದಳು. ಊರಿನಲ್ಲಿ ನಲವತ್ತು ವರ್ಷ ಬಾಳಿದವಳಿಗೆ ಆ ಕಲ್ಲು ಎಲ್ಲಿ ಸವೆದಿದೆ ಎಂಬುದು ಗೊತ್ತಿರಲಿಲ್ಲ. ಕಡೆಯ ಮೆಟ್ಟಿಲಿನಲ್ಲಿ ನೀರು ಅವಳ ಹಿಮ್ಮಡಿ ಮುಟ್ಟಿತು. ಅವಳು ಬಗ್ಗಿ ಬಲಗೈ ಇಟ್ಟಳು. ದಂಡೆಯ ಮೇಲೆ ಬಳೆಯ ಸದ್ದೂ ಇರಲಿಲ್ಲ.

ಅವಳು ಮೆಲ್ಲಗೆ ಹೇಳತೊಡಗಿದಳು, ಆದರೆ ಕೆರೆಯ ಬಟ್ಟಲಿನಲ್ಲಿ ಆ ದನಿ ಎಲ್ಲರಿಗೂ ಕೇಳಿಸಿತು.

“ನಮ್ಮತ್ತಿ ನಿನ್ನ ನೀರ ಕುಡದಾಳ, ನಿನ್ನ ಮುಟ್ಟಿಲ್ಲ. ಅವರತ್ತೀನೂ ಕುಡದಾಳ, ಮುಟ್ಟಿಲ್ಲ. ನನ್ನ ಗಂಡ ಕುಡದ ಹೋದ. ನನ್ನ ಮಗಳು ಕುಡದ ಸಾಲಿ ಕಲತಾಳ. ನಾ ಈ ಊರ ಅಧ್ಯಕ್ಷಿ ಇದ್ದೇನವ್ವಾ. ತಡಾ ಆತು.”

ಹುಡುಗನ ಕಡೆ ನೋಡದೆಯೇ, ಇವನು ದೂರದ ಹೊಳೆಯವನು, ನಮ್ಮ ಮನೆಯಲ್ಲಿ ಉಂಡಿದ್ದಾನೆ, ಇವನನ್ನು ಒಳಗೆ ಬಿಟ್ಟುಕೋ ಎಂದು ಹೇಳಿದಳು. ಆಮೇಲೆ ಅವನನ್ನು ಕರೆದಳು. ಅವನು ಇಳಿದು ಅವಳಿಗಿಂತ ಒಂದು ಮೆಟ್ಟಿಲು ಮೇಲೆ ಮಂಡಿಯೂರಿದ, ಅವಳು ಬೊಗಸೆ ತುಂಬಿ ಕೊಟ್ಟ ನೀರನ್ನು ಅವಳ ಕೈಗೇ ಬಾಯಿ ಹಚ್ಚಿ ಕುಡಿದ. ನಾನು ಅಷ್ಟು ಪುಸ್ತಕ ಓದಿದವಳು, ಒಂದು ಊರಿನ ಅಧಿಕಾರ ಒಬ್ಬರ ಕೈಗೆ ಬರುವುದನ್ನು ಕಣ್ಣಾರೆ ನೋಡಿದ್ದು ಆ ಮುಂಜಾನೆಯೇ. ನಾನು ಅಳುತ್ತಿರುವುದು ಯಾರಿಗೂ ಗೊತ್ತಾಗದಂತೆ ಮುಖ ತಿರುಗಿಸಿಕೊಂಡೆ.

ಅವ್ವ ತಾನೂ ಒಂದು ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ತಲೆ ಎತ್ತಿದಳು. ಆಗ ಅವಳಿಗೆ ಮೇಲೆ ನಿಂತವರು ಕಂಡರು. ದಂಡೆಗುಂಟ ಸಾಲಾಗಿ, ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು, ಅವಳು ಹತ್ತಿ ಬರಲೆಂದು ಕಾಯುತ್ತಿದ್ದರು. ದೊಡ್ಡಮನೆಯ ಅಜ್ಜಿ ಎಲ್ಲರಿಗಿಂತ ಮುಂದೆ ನಿಂತಿದ್ದರು, ಮಂಡಿನೋವಿಗೆ ಒಂದು ಕಾಲು ಸಡಿಲ ಬಿಟ್ಟು. ಅವರು ನೆಲ ನೋಡುತ್ತಿದ್ದರು. ಅವ್ವ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಅವಳು ಏನೂ ಅನ್ನದೆ ಇನ್ನೊಂದು ಗಳಿಗೆ ಹಾಗೇ ನಿಲ್ಲಿಸಿದ್ದರೆ ನಾನು ತಪ್ಪೆನ್ನುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಿಲ್ಲಿಸಲಿ ಎಂದೇ ನನ್ನ ಮನಸ್ಸಿನಲ್ಲಿತ್ತು.

“ನಿಂದ್ರಬ್ಯಾಡ್ರಿ, ಇಳೀರಿ,” ಅಂದಳು ಅವ್ವ. “ಕೊಡ ಹಿಡಕೊಂಡ ನಿಂತ್ರ ಎಷ್ಟ ಕಾಲ ನೋಯತಾವು ಅನ್ನೂದು ನನಗ ಗೊತ್ತದ.”

ಆಮೇಲೆ ಆ ಅಜ್ಜಿ ಕೊಡವನ್ನು ಒಂದು ಕೈಗೆ ಬದಲಿಸಿ, ಇನ್ನೊಂದು ಕೈಯನ್ನು ಆಸರೆಗೆಂದು ಕೆಳಗೆ ಚಾಚಿದರು. ಅವ್ವ ಹತ್ತಿ ಬಂದು ಆ ಕೈ ಹಿಡಿದು ಅವರನ್ನು ನೀರಿನವರೆಗೆ ಇಳಿಸಿಕೊಂಡಳು.